ಒಂದು ಗೇಣು, ಅರ್ಧ ಅಕ್ಕಿಕಾಳು

ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುತ್ತೇನೆ ಅಂದ ದಿನ, ಅಟ್ಟದ ಮೇಲಿದ್ದ ಅವಳ ಹಳೇ ಗ್ಲೋಬು ಇಳಿಸಿ ಧೂಳು ಒರೆಸಿದೆ. ಅಮ್ಮ ಹೂ ಕಟ್ಟುತ್ತಾ ಕೂತಿದ್ದಳು. ಅವಳ ದಾರದಲ್ಲೇ ಒಂದು ತುಂಡು ಕಿತ್ತುಕೊಂಡು ಒಂದು ತುದಿ ಬೆಂಗಳೂರಿಗೆ, ಇನ್ನೊಂದು ತುದಿ ಅಲ್ಲಿಗೆ ಇಟ್ಟು ಬಿಗಿ ಹಿಡಿದೆ. ಸಮುದ್ರದ ಮೇಲೆ ಅಡ್ಡಡ್ಡ ಹೋಗಬೇಕಾದ ದಾರ ಮೇಲಕ್ಕೆ ಹತ್ತಿ, ಚೀನಾ, ರಷ್ಯಾ ದಾಟಿ, ಅಲಾಸ್ಕಾ ಕಡೆಯಿಂದ ಇಳಿಯಿತು. ಉಂಡೆಯ ಮೇಲೆ ಹತ್ತಿರದ ದಾರಿ ಹಾಗೇ ಅಲ್ವಾ? ಅಳೆದರೆ ಒಂದು ಗೇಣು. ಅಂದರೆ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಬಂದರೆ 17 ಗಂಟೆ.

"ಹಾಸನದಿಂದ ಬೆಂಗಳೂರು ಎಷ್ಟಾಯ್ತೋ?" ಅಂದಳು ಅಮ್ಮ.

ಅರ್ಧ ಅಕ್ಕಿಕಾಳು.

ವಿಮಾನ ಶುಕ್ರವಾರ ರಾತ್ರಿ ಒಂಬತ್ತಕ್ಕೆ. ಒಂಬತ್ತಕ್ಕೆ ಹದಿನೇಳು ಕೂಡಿಸಿದೆ. ಶನಿವಾರ ಮಧ್ಯಾಹ್ನ ಎರಡು ಗಂಟೆ. ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣಕ್ಕೆ +2 ಅಂತ ಇತ್ತು. ಎರಡು ಸೂಟ್‌ಕೇಸು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಏಳಕ್ಕೇ ಕಾರು ಹೊರಟಿತು. ಅಮ್ಮನ ತೊಡೆ ಮೇಲೆ ಕಡುಬಿನ ಡಬ್ಬಿ, ಕಾಯಿಚಟ್ನಿ. ನಮ್ಮ ಹಾಸನದ ಪಕ್ಕದ ಬೂವನಹಳ್ಳಿಯಲ್ಲೇ ವಿಮಾನ ನಿಲ್ದಾಣ ಆಗಿದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಅಂತ ಎಂದಿನಂತೆ ಬೈದುಕೊಂಡೆ. (ಅಲ್ಲಿಗೆ ಅಮೆರಿಕದ ವಿಮಾನ ಯಾಕೆ ಬರುತ್ತೆ ಅಂತ ಕೇಳಬೇಡಿ.) ಕುಣಿಗಲ್ ಹತ್ತಿರ ಮಗಳ ಮೆಸೇಜು: "ಬೋರ್ಡಿಂಗ್ ಶುರುವಾಯ್ತು ಅಪ್ಪಾ." ನೋಡಿ, ಈ ನೆಟ್‌ವರ್ಕಿನ ಹಣೆಬರಹ, ನಿನ್ನೆ ಕಳಿಸಿದ್ದು ಈಗ ಬಂದಿದೆ ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ನೆಲಮಂಗಲದ ಟ್ರಾಫಿಕ್‌ನಲ್ಲೂ ಮಾತಾಡಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿದ್ದ ಹುಡುಗ ನನ್ನ ಫೋನು ನೋಡಿದ. ನನ್ನನ್ನೂ ನೋಡಿದ.

"ಸಾರ್, ಇದು ಭಾನುವಾರ ಬೆಳಗಿನ ಜಾವ ಎರಡೂವರೆಗೆ."

ಒಂಬತ್ತು ಗಂಟೆ ಅವರ ಗಡಿಯಾರದ್ದು, ಎರಡು ಗಂಟೆಯೂ ಅವರ ಗಡಿಯಾರದ್ದೇ. ನಮ್ಮದು ಬೇಸಿಗೆಯಲ್ಲಿ ಅವರಿಗಿಂತ ಹನ್ನೆರಡೂವರೆ ಗಂಟೆ ಮುಂದೆ, ಅದನ್ನು ಕೂಡಿಸುವುದೇ ಮರೆತಿದ್ದೆ. ಆ +2 ಸೂಟ್‌ಕೇಸಿನ ಲೆಕ್ಕ ಅಲ್ಲ, ಹೊರಟ ಎರಡು ದಿನದ ಮೇಲಿನ ತಾರೀಖಿಗೆ ಇಳಿಯುತ್ತೆ ಅಂತ. ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದ ಮನುಷ್ಯ ನಾನು. ಅಂದರೆ ಕುಣಿಗಲ್‌ನಲ್ಲಿ ಬಂದ ಮೆಸೇಜು ಬಿಸಿಬಿಸಿಯಾಗೇ ಬಂದಿತ್ತು.

ಆಮೇಲಿನ ಹದಿನಾಲ್ಕು ಗಂಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಜೆ ಐದಕ್ಕೆ ಚಟ್ನಿ ಹುಳಿ ವಾಸನೆ ಬಂತು. ಏಳಕ್ಕೆ ಅಮ್ಮ ಡಬ್ಬಿ ಬಿಚ್ಚಿ ಬರೀ ಕಡುಬು ತಿಂದಳು, ನನಗೂ ಒಂದು ಕೊಟ್ಟಳು. ಹನ್ನೊಂದಕ್ಕೆ ಕೊನೇದನ್ನೂ ಮುಗಿಸಿದೆವು. ಮಗಳು ಹದಿನೇಳು ಗಂಟೆಯಲ್ಲಿ ಒಂದು ಗೇಣು ದಾಟಿದಳು. ನಮಗೆ ಅರ್ಧ ಅಕ್ಕಿಕಾಳಿಗೆ ಹತ್ತೊಂಬತ್ತೂವರೆ ಗಂಟೆ ಹಿಡಿಯಿತು.

ಮೂರೂವರೆಗೆ ಟ್ರಾಲಿ ತಳ್ಳಿಕೊಂಡು ಬಂದವಳು ಕಣ್ಣುಜ್ಜುತ್ತಾ ಕೇಳಿದಳು, "ಬಂದು ತುಂಬಾ ಹೊತ್ತಾಯ್ತಾ ಅಜ್ಜಿ?"

"ಇಲ್ಲ ಕಣೇ," ಅಂದಳು ಅಮ್ಮ, ಖಾಲಿ ಡಬ್ಬಿ ಬ್ಯಾಗಿಗೆ ಹಾಕುತ್ತಾ. "ನೀನು ವಿಮಾನ ಹತ್ತೋಕೆ ಮುಂಚೆ ಮನೆ ಬಿಟ್ವಿ, ಅಷ್ಟೆ."