ಭಾವ, ಎರಡೂ ಕಣ್ಣು ತೆರೀರಿ

ಮೈಕ್ರೋಸ್ಕೋಪಿಗೆ ಎರಡು ಕೊಳವೆ ಇವೆ. ನೋಡುವವರಿಗೂ ದೇವರು ಎರಡು ಕಣ್ಣು ಕೊಟ್ಟಿದ್ದಾನೆ. ಲೆಕ್ಕ ಸರಿಯಾಗಿದೆ ಅಲ್ವಾ? ಆದರೂ ಬಂದವರೆಲ್ಲ ಅದರ ಮುಂದೆ ಕೂತ ಕೂಡಲೇ ಮಾಡುವ ಮೊದಲ ಕೆಲಸ ಒಂದು ಕಣ್ಣು ಮುಚ್ಚುವುದು. ಕೆಲವರಿಗೆ ರೆಪ್ಪೆ ಮುಚ್ಚಿದರೆ ಸಾಲದು, ಅಂಗೈ ಬೇರೆ ಅಡ್ಡ ಇಟ್ಟುಕೊಳ್ಳುತ್ತಾರೆ. ಆಮೇಲೆ "ಏನೂ ಕಾಣಿಸ್ತಾ ಇಲ್ಲವಲ್ಲ" ಅನ್ನುತ್ತಾರೆ. ನಿನ್ನೆ ಇದೇ ವಿಷಯಕ್ಕೆ ಕೆಟ್ಟ ತಲೆ ಇನ್ನೂ ಸರಿಹೋಗಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಸ್ಟೀರಿಯೊ ಮೈಕ್ರೋಸ್ಕೋಪು. ಗಾಜಿನ ಪಟ್ಟಿಯ ಮೇಲೆ ಈರುಳ್ಳಿ ಸಿಪ್ಪೆ ಇಟ್ಟು ಶಾಲೆಯಲ್ಲಿ ನೋಡುತ್ತಿದ್ದೆವಲ್ಲ, ಆ ಜಾತಿಯದ್ದಲ್ಲ. ನಾಣ್ಯ, ಅಂಚೆಚೀಟಿ, ಕಲ್ಲು, ಸತ್ತ ಹುಳ, ಯಾವುದನ್ನಾದರೂ ಹಾಗ್ಹಾಗೇ ಅಡಿಯಲ್ಲಿಟ್ಟು ನೋಡಬಹುದು. 20 ಪಟ್ಟು, ಇಲ್ಲಾ 40 ಪಟ್ಟು, ಅಷ್ಟೇ ಅದರ ಶಕ್ತಿ. ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಕೋನದಿಂದ ಚಿತ್ರ ಬರುವುದರಿಂದ ತಗ್ಗು ದಿಣ್ಣೆಗಳೆಲ್ಲ ಎದ್ದು ನಿಲ್ಲುತ್ತವೆ. ದುಡ್ಡು ಕೊಟ್ಟಿದ್ದೇ ಅದಕ್ಕೆ. ಒಂದು ಕಣ್ಣು ಮುಚ್ಚಿದರೆ ಅರ್ಧ ದುಡ್ಡು ನೀರಿಗೆ.

ಮಾರಿದವರು "ಕಂಡೀಷನ್ ಚೆನ್ನಾಗಿದೆ" ಅಂದಿದ್ದರು. ಚೆನ್ನಾಗಿಯೇ ಇದೆ, ತಲೆ ನಿಲ್ಲುವುದಿಲ್ಲ ಅನ್ನೋದು ಬಿಟ್ಟರೆ. ಫೋಕಸ್ ಮಾಡಿ ಕೈ ಬಿಟ್ಟ ಕೂಡಲೇ ಅದು ಮೆಲ್ಲಗೆ ಕೆಳಗಿಳಿಯಲು ಶುರು. ಚಿತ್ರ ಕಣ್ಣೆದುರೇ ಮಂಜಾಗುತ್ತಾ ಹೋಗುತ್ತದೆ. ಎರಡು ಬದಿಯ ಗುಂಡಿಗಳನ್ನೂ ಹಿಡಿದು ಒಂದಕ್ಕೊಂದು ಎದುರಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಹಾಗೆ ಮಾಡಿದೆ. ಬಿಗಿಯೂ ಆಯಿತು. ಎಷ್ಟು ಬಿಗಿಯೆಂದರೆ ಈಗ ಫೋಕಸ್ ಮಾಡಲು ಇಬ್ಬರು ಬೇಕು. ಮತ್ತೆ ಸಡಿಲ ಮಾಡಿದೆ, ಮತ್ತೆ ತಲೆ ಇಳಿಯಿತು. ಇದರ ಜೊತೆಗೆ ಬಲಗಡೆಯ ಲೆನ್ಸಿನೊಳಗೆ ಬೂಷ್ಟು ಬೇರೆ. ತೇವದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಈ ರೋಗ ಹಿಡಿಯುತ್ತದೆ. ಎಳೆ ಎಳೆಯಾಗಿ ಹಬ್ಬಿ ಕೊನೆಗೆ ಗಾಜಿನ ಮೇಲಿನ ಲೇಪವನ್ನೇ ಹಾಳು ಮಾಡುತ್ತದೆ.

ಹಿಂದಿನ ಯಜಮಾನರು ಯಾರೋ ಗೊತ್ತಿಲ್ಲ. ಆದರೆ ಕೊಳವೆಗಳ ನಡುವಿನ ಅಂತರ ತೋರಿಸುವ ಸ್ಕೇಲು 58 ಮಿಲಿಮೀಟರಿನಲ್ಲಿ ನಿಂತಿತ್ತು. ನನಗೆ 66 ಬೇಕು. ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸಲು ಎಡಗಣ್ಣಿನ ಕೊಳವೆಗಿರುವ ಉಂಗುರ ಪ್ಲಸ್ ಕಡೆಗೆ ತಿರುಗಿ ಅಲ್ಲೇ ಕಚ್ಚಿಕೊಂಡಿತ್ತು. ಅಂದರೆ ಸಣ್ಣ ಮುಖದವರು, ಎಡಗಣ್ಣು ಬಲಗಣ್ಣಿನ ಹಾಗಿರಲಿಲ್ಲ. ಬಲಗಡೆಯ ಗುಂಡಿಯ ಗೀರುಗಳೆಲ್ಲ ಸವೆದು ನುಣುಪಾಗಿವೆ, ಎಡಗಡೆಯದು ಹೊಸದರ ಹಾಗೇ ಇದೆ. ಎಡಗೈಯಲ್ಲಿ ಪ್ರಾಯಶಃ ಚಿಮಟ ಹಿಡಿದಿರುತ್ತಿದ್ದರು. ವರ್ಷಗಟ್ಟಲೆ ಏನನ್ನು ನೋಡಿದರೋ. ತಾವೇ ಮಾರಿದರೋ, ಅಥವಾ ಅವರು ಹೋದ ಮೇಲೆ ಮನೆಯವರು ಜಾಗ ಖಾಲಿ ಮಾಡಲು ಮಾರಿದರೋ. ಆ ಉಂಗುರವನ್ನು ಎಣ್ಣೆ ಬಿಟ್ಟು ಸೊನ್ನೆಗೆ ತಿರುಗಿಸುವಾಗ, ಹೇಳದೆ ಕೇಳದೆ ಯಾರದ್ದೋ ಕುರ್ಚಿಯಲ್ಲಿ ಕೂತ ಹಾಗೆ ಒಂಥರಾ ಆಯಿತು.

ಕೂತ ಮೇಲೆ ನೆಮ್ಮದಿ ಹೋಯಿತು. ಫಳಫಳ ಹೊಳೆಯುತ್ತದೆ ಅಂತ ಹೆಮ್ಮೆಯಿಂದ ಇಟ್ಟಿದ್ದ ನಾಣ್ಯವನ್ನು ಮೊದಲು ಇಟ್ಟೆ. ಮೈತುಂಬಾ ಒಂದೇ ದಿಕ್ಕಿನಲ್ಲಿ ಕೂದಲೆಳೆಯಂಥ ಗೀರು. ಯಾರೋ ಪುಣ್ಯಾತ್ಮರು ಚೆನ್ನಾಗಿ ತಿಕ್ಕಿ ತೊಳೆದಿದ್ದಾರೆ. ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಕಪ್ಪಗಿದ್ದರೇ ಅದಕ್ಕೆ ಮರ್ಯಾದೆ. ಆಮೇಲೆ ಅಂಚೆಚೀಟಿ. ಬರಿಗಣ್ಣಿಗೆ ಗಂಭೀರವಾಗಿ ಕಾಣುತ್ತಿದ್ದ ಮಹನೀಯರ ಮುಖ ನೀಲಿ, ಗುಲಾಬಿ, ಹಳದಿ ಚುಕ್ಕಿಗಳ ರಾಶಿಯಾಗಿಬಿಟ್ಟಿತು. ಆಫ್‌ಸೆಟ್ ಮುದ್ರಣ ಅಂದರೆ ಅಷ್ಟೇ. ಲೋಹದ ತಟ್ಟೆಯಲ್ಲಿ ಕೊರೆದು ಅಚ್ಚು ಹಾಕಿದ ಹಳೆಯ ಚೀಟಿಗಳಲ್ಲಾದರೆ ಒಂದೊಂದು ಗೆರೆಯ ಮೇಲೂ ಶಾಯಿ ಉಬ್ಬಿ ನಿಂತಿರುವುದು ಕಾಣುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. 40ಕ್ಕೆ ಹಾಕಿದರೆ ಇನ್ನೊಂದು ಕಷ್ಟ. ಸ್ಪಷ್ಟವಾಗಿ ಕಾಣುವ ಪದರ ತೀರಾ ತೆಳು. ನಾಣ್ಯದಲ್ಲಿರುವ ರಾಜನ ಮೂಗು ಸಿಕ್ಕರೆ ಕಿವಿ ಇಲ್ಲ, ಕಿವಿ ಸಿಕ್ಕರೆ ಮೂಗಿಲ್ಲ.

ಸೊಳ್ಳೆಯನ್ನೂ ಬಿಟ್ಟಿಲ್ಲ. ಮೀಸೆ ಪೊದೆ ಪೊದೆಯಾಗಿದ್ದರೆ ಗಂಡು. ಗಂಡು ಸೊಳ್ಳೆ ಕಚ್ಚುವುದಿಲ್ಲ. ಚಚ್ಚಿ ಹಾಕಿದ ಮೇಲೆ ಇದು ಗೊತ್ತಾಗಿ ಏನು ಬಂತು!

ಈಗ ಭಾವನ ವಿಷಯ. ನಮ್ಮ ಭಾವ ಒಳ್ಳೆಯವರು. ಆದರೆ ಗುಂಡಿ ಕಂಡರೆ ತಿರುಗಿಸದೆ ಇರಲಾರರು. ರೇಡಿಯೋ, ಫ್ಯಾನು, ಗೀಸರು, ಯಾವುದೂ ಅವರಿಗೆ ಇದ್ದಲ್ಲಿ ಇದ್ದರೆ ಸಮಾಧಾನವಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತರೆ ಮೊದಲು ಎಡಗಣ್ಣು ಮುಚ್ಚುತ್ತಾರೆ. ಆಮೇಲೆ ಗುಂಡಿ ತಿರುಗಿಸುತ್ತಾರೆ. ಆಮೇಲೆ ನೋಡುತ್ತಾರೆ. ನೋಡಿದ ಮೇಲೆ ಇನ್ನೂ ತಿರುಗಿಸುತ್ತಾರೆ. "ಭಾವ, ಎರಡೂ ಕಣ್ಣು ತೆರೀರಿ" ಅಂದರೆ "ತೆರೆದೇ ಇದೆ ಕಣಯ್ಯಾ" ಅನ್ನುತ್ತಾರೆ, ಮುಚ್ಚಿಕೊಂಡೇ. "ಗುಂಡಿ ಮುಟ್ಟಬೇಡಿ, ನಾನು ಸರಿ ಮಾಡಿ ಇಟ್ಟಿದ್ದೀನಿ" ಅಂದರೆ "ನಿನ್ನ ಕಣ್ಣಿಗೆ ಸರಿ, ನನ್ನ ಕಣ್ಣಿಗೆ ಬೇಡವಾ?" ಅಂತ ಕೇಳುತ್ತಾರೆ. ನ್ಯಾಯವೇ. ಆದರೆ ಆ ನ್ಯಾಯದಲ್ಲಿ ಲೆನ್ಸು ಕೆಳಗಿಳಿದು ವಸ್ತುವಿಗೆ ಢಿಕ್ಕಿ ಹೊಡೆಯುತ್ತದೆ. ಕೊನೆಗೆ ತೀರ್ಪು: "ಸೆಕೆಂಡ್ ಹ್ಯಾಂಡ್ ತಗೊಂಡರೆ ಹೀಗೇ."

ಒಮ್ಮೆ "ಆಹಾ, ಚಂದ್ರನ ಮೇಲ್ಮೈ ಇದ್ದ ಹಾಗಿದೆಯಲ್ಲಯ್ಯಾ" ಅಂತ ಬಹಳ ಹೊತ್ತು ನೋಡಿದರು. ನಾನು ಇಟ್ಟಿದ್ದು ಚಿಟ್ಟೆಯ ರೆಕ್ಕೆ. ಅವರು ನೋಡಿದ್ದು ಪೀಠದ ಮೇಲೆ ಬಣ್ಣ ಎದ್ದುಹೋದ ಜಾಗ.

ನಿನ್ನೆ ಆಗಿದ್ದು ಕೇಳಿ. ಗೆಳೆಯರೊಬ್ಬರು ಯಾವುದೋ ಕಡಲತೀರದಿಂದ ಚಿಟಿಕೆ ಮರಳು ತಂದುಕೊಟ್ಟಿದ್ದರು. ಮರಳು ಅಂದರೆ ಬರೀ ಮರಳಲ್ಲ. ಗಾಜಿನ ಚೂರಿನಂತೆ ಬೆಳಕು ಬಿಡುವ ಸ್ಫಟಿಕದ ಕಣ, ಚಿಪ್ಪಿನ ಚೂರು, ಸೀ ಅರ್ಚಿನ್ ಎಂಬ ಕಡಲ ಜೀವಿಯ ಮುಳ್ಳಿನ ಮುರುಕು. ನಡುವೆ ಒಂದು ಪೂರ್ತಿ ಫೋರಾಮಿನಿಫೆರಾ! ಒಂದೇ ಜೀವಕೋಶದ ಕಡಲ ಜೀವಿ, ಅದು ಕಟ್ಟಿಕೊಂಡ ಸುರುಳಿ ಚಿಪ್ಪು. ಕೋಣೆಯ ಪಕ್ಕ ಕೋಣೆ, ಒಂದಕ್ಕಿಂತ ಒಂದು ದೊಡ್ಡದು. ಸಾಸಿವೆಗಿಂತಲೂ ಚಿಕ್ಕದು. ಸೂಜಿಯ ತುದಿ ಒದ್ದೆ ಮಾಡಿಕೊಂಡು, ಉಳಿದ ಕಣಗಳಿಂದ ಬಿಡಿಸಿ, ಕಪ್ಪು ಕಾಗದದ ಮೇಲೆ ನಡುಮಧ್ಯೆ ತಂದು ಕೂರಿಸುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು. ಆಗ ಭಾವ ಬಂದರು. ಕೂತರು. ಕಣ್ಣು ಮುಚ್ಚಿದರು. ಗುಂಡಿ ತಿರುಗಿಸಿದರು. ವಿಚಿತ್ರವೆಂದರೆ ಈ ಸಲ ಸರಿಯಾಗಿ ಫೋಕಸ್ ಆಯಿತು.

"ಓಹೋಹೋಹೋ!" ಅಂದರು ಭಾವ.

ಅಷ್ಟು ದೊಡ್ಡ ಓಹೋಗೆ ಬೇಕಾದ ಗಾಳಿಯೆಲ್ಲ ನೇರ ಕೆಳಗೆ ಹೋಯಿತು. "ಈಗ ತಾನೇ ಇತ್ತು, ಎಲ್ಲಿ ಹೋಯ್ತಯ್ಯಾ?" ಅಂತ ನನ್ನನ್ನೇ ಕೇಳಿದರು. ನೆಲದ ಮೇಲೆ ಟಾರ್ಚ್ ಬಿಟ್ಟು ಹುಡುಕಿದೆ. ಗುಡಿಸದ ನೆಲದಲ್ಲಿ ಫೋರಾಮಿನಿಫೆರಾ ಹುಡುಕುವವನ ಸ್ಥಿತಿ ಶತ್ರುವಿಗೂ ಬೇಡ. "ಒಂದು ಮರಳಿನ ಕಾಳಿಗೆ ಇಷ್ಟೊಂದಾ?" ಅಂದರು ಭಾವ, ಪಾದ ಎತ್ತಿ ಪಕ್ಕಕ್ಕಿಡುತ್ತಾ.

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹಾಕ್ ತಾನೇ ಉಜ್ಜಿ ಮಾಡಿದ ಪುಟಾಣಿ ಲೆನ್ಸಿನಲ್ಲಿ ಕೆರೆಯ ನೀರಿನ ಜೀವಿಗಳನ್ನು ನೋಡಿದ. 1683ರಲ್ಲಿ ಹಲ್ಲಿನ ಸಂದಿನ ಕೊಳೆಯಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಾಗದ ಬರೆದ. ಮನೆಗೆ ಬಂದವರಿಗೆ ತನ್ನ ಅತ್ಯುತ್ತಮ ಲೆನ್ಸುಗಳನ್ನು ಮಾತ್ರ ತೋರಿಸುತ್ತಿರಲಿಲ್ಲವಂತೆ. ಜಿಪುಣ ಅಂತ ಅಂದುಕೊಂಡಿದ್ದೆ. ಪಾಪ, ಅವನಿಗೂ ಭಾವ ಇದ್ದಿರಬೇಕು.

ಇವತ್ತು ಬೆಳಿಗ್ಗೆಯೇ ಭಾವ ಮತ್ತೆ ಹಾಜರ್. ಕೈಯಲ್ಲೊಂದು ಪುಟ್ಟ ಔಷಧಿ ಬಾಟಲಿ. ಒಳಗೆ ಅವರ ಕಿಡ್ನಿ ಸ್ಟೋನ್! ಯಾವ ಕಾಲದಲ್ಲೋ ಹೊರಬಿದ್ದಿದ್ದನ್ನು ಹತ್ತಿಯಲ್ಲಿ ಸುತ್ತಿ ಜೋಪಾನ ಮಾಡಿದ್ದಾರೆ. ಬೇಡವೆನ್ನಲಾಗದೆ ಇಟ್ಟೆ. ಕಂದು ಬಣ್ಣದ ಚೂರು 20 ಪಟ್ಟಿನಲ್ಲಿ ಹರಳಿನ ಗುಡ್ಡವಾಯಿತು. ಚೂಪು ಅಂಚುಗಳು, ಒಂದರ ಮೇಲೊಂದು ಹತ್ತಿದ ಮುಖಗಳು, ತುದಿಗಳಲ್ಲಿ ಹಳದಿ ಬೆಳಕು. ಇಂಥ ಕಲ್ಲುಗಳು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನವು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ, ನನ್ನ ಸಂಗ್ರಹದಲ್ಲಿ ಅಷ್ಟು ಚೆಂದದ್ದು ಒಂದೂ ಇಲ್ಲ.

ಭಾವ ಕೂತರು. ಎರಡೂ ಕಣ್ಣು ಅಗಲವಾಗಿ ತೆರೆದಿದ್ದರು. ಗುಂಡಿಯನ್ನು ಎರಡು ಬೆರಳಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದಿದ್ದರು. ತಲೆ ಇಳಿದಾಗೆಲ್ಲ ಚೂರೇ ಚೂರು ಎತ್ತುತ್ತಿದ್ದರು. "ನೋಡು, ಈ ಮೂಲೆ ನೋಡು, ಇದೇ ಇರಬೇಕು ಆ ರಾತ್ರಿ ಪ್ರಾಣ ತೆಗೆದದ್ದು" ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ನಾನು ಇನ್ನೊಮ್ಮೆ ನೋಡೋಣವೆಂದು ಬಗ್ಗಿದೆ.

"ದೂರ ನಿಂತು ಉಸಿರಾಡಯ್ಯಾ" ಅಂದರು.