ಕಳ್ಳನ ಕನ್ನಡ

ಅಪ್ಪನಿಗೆ ಬ್ಯಾಂಕಿನಿಂದ ಬರುವ ಮೆಸೇಜುಗಳೆಲ್ಲ ಇಂಗ್ಲಿಷಿನಲ್ಲಿ. ಅಪರೂಪಕ್ಕೆ ಮಲಯಾಳದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಬದಿಯಡ್ಕದ ಕಡೆಯವರಿಗೆ ಇದೆಲ್ಲ ಅಭ್ಯಾಸ. ಅರ್ಜಿಯಲ್ಲಿ ಏನಿದೆ ಅಂತ ಪಕ್ಕದಲ್ಲಿ ನಿಂತವರನ್ನು ಕೇಳುವುದು, ಅವರು ತೋರಿಸಿದಲ್ಲಿ ಸೈನ್ ಹಾಕುವುದು. ಹಾಗಿರುವಾಗ ಮೊನ್ನೆ, ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದ ವಾರವೇ, ಅಪ್ಪನ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜು ಬಂತು.

"ಆತ್ಮೀಯ ಗ್ರಾಹಕ, ನಿಮ್ಮ ಖಾತೆ ಇಂದು ರಾತ್ರಿ ನಿರ್ಬಂಧ ಆಗಲ್ಪಡುತ್ತದೆ. ಪ್ಯಾನ್ ಕಾರ್ಡ್ ನವೀಕರಿಸಲು ಕೆಳಗಿನ ಲಿಂಕ್ ಒತ್ತಿರಿ."

ಅಪ್ಪನಿಗೆ ಹೆದರಿಕೆಗಿಂತ ಖುಷಿಯೇ ಜಾಸ್ತಿ. "ನೋಡು, ಆತ್ಮೀಯ ಅಂತ ಬರೆದಿದ್ದಾರೆ" ಅಂದರು. ಪುಣ್ಯಕ್ಕೆ ಮೆಸೇಜು ಬಂದಾಗ ಅವರು ತೋಟದಲ್ಲಿದ್ದರು. ತೋಟ ಇರುವುದು ತಗ್ಗಿನಲ್ಲಿ, ಅಲ್ಲಿ ಮೆಸೇಜು ಹೇಗೋ ತಲುಪುತ್ತದೆ, ನೆಟ್ ಸಿಗುವುದಿಲ್ಲ. ಲಿಂಕ್ ಒತ್ತಿದರಂತೆ, ಬಿಳಿ ಪರದೆಯಲ್ಲಿ ಒಂದು ಉರುಟು ಸುಮ್ನೆ ತಿರುಗುತ್ತಲೇ ಇತ್ತಂತೆ. ರೇಂಜ್ ಹುಡುಕಿಕೊಂಡು ಗುಡ್ಡೆ ಹತ್ತಿ ಮನೆಗೆ ಬಂದವರು ಫೋನನ್ನು ನನ್ನ ಕೈಗೆ ಕೊಟ್ಟರು. ಟವರ್ ಇಲ್ಲ ಅಂತ ನಾವು ಬೈಯದ ದಿನವಿಲ್ಲ. ಆವತ್ತು ಮಾತ್ರ ಬೈಯಲಿಲ್ಲ.

"ಆಗಲ್ಪಡುತ್ತದೆ" ಅಂತ ಯಾವ ಮನುಷ್ಯ ಬರೆಯುತ್ತಾನೆ! ಕಳಿಸಿದ್ದು ಹತ್ತಂಕಿಯ ಮಾಮೂಲಿ ನಂಬರಿನಿಂದ. ಬ್ಯಾಂಕಿನದ್ದು ಹಾಗೆ ಬರುವುದಿಲ್ಲ, ಅಲ್ವಾ? ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂದು ಅಡ್ಡ ಗೆರೆ, ಆಮೇಲೆ ಬ್ಯಾಂಕಿನ ಹೆಸರು ಚುಟುಕಾಗಿ. ಈಗೀಗ ಬಾಲದಲ್ಲೂ ಒಂದು ಅಕ್ಷರ ಇರುತ್ತದೆ, ಜಾಹೀರಾತಾದರೆ ಪಿ, ಸೇವೆಯದ್ದಾದರೆ ಎಸ್, ವ್ಯವಹಾರದ್ದಾದರೆ ಟಿ. ಲಿಂಕಿನಲ್ಲಿ ಬ್ಯಾಂಕಿನ ಹೆಸರೇನೋ ಇತ್ತು, ಕೊನೆಗೆ ಮಾತ್ರ 'ಡಾಟ್ ಎಕ್ಸ್‌ವೈಝಡ್'. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಒಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಹಾಗಾಗಿ ತಲೆಗಿಂತ ಬಾಲ ನೋಡುವುದೇ ಒಳ್ಳೆಯದು. ಇನ್ನು ಆ "ಇಂದು ರಾತ್ರಿ". ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಹೋದರೆ ಪ್ರಿಂಟರ್ ಹಾಳಾಗಿದೆ, ಸೋಮವಾರ ಬನ್ನಿ ಅನ್ನುವವರಿಗೆ ಒಮ್ಮೆಲೇ ಇಷ್ಟು ಅವಸರ ಎಲ್ಲಿಂದ ಬಂತು?

ಪಕ್ಕದ ಮನೆಯವರೊಬ್ಬರಿಗೆ ಹೀಗೆ ವಾಟ್ಸಾಪಿನಲ್ಲಿ ಎಪಿಕೆ ಫೈಲೇ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲೇ, ಬಂದಿತ್ತು. ಅದನ್ನು ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಓಟಿಪಿಯನ್ನು ನಾವು ಹೇಳುವುದೇ ಬೇಡ, ಅದೇ ಓದಿಕೊಳ್ಳುತ್ತದೆ. ದುಡ್ಡು ಹೋಯಿತು. ನಾಚಿಕೆಯಾಗಿ ಎರಡು ದಿನ ಯಾರಿಗೂ ಹೇಳಲಿಲ್ಲ ಪಾಪ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಲಿಕ್ಕೆ ಆಗುತ್ತಿತ್ತೋ ಏನೋ.

ಇಂಥ ಮೋಸದ ಮೆಸೇಜಿನ ಬಗ್ಗೆ ತಿಳಿಸಲಿಕ್ಕೆಂದೇ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿರುವ ಚಕ್ಷುವಿನಲ್ಲಿ ದೂರು ಹಾಕಿ, ಅಪ್ಪನ ಮೊಬೈಲಿನಿಂದ ಮೆಸೇಜು ಅಳಿಸಲು ಹೊರಟೆ. ಅಪ್ಪ ಕೈ ಹಿಡಿದರು.

"ಇರಲಿ ಬಿಡು ಮಾರಾಯ. ಕನ್ನಡದಲ್ಲಿ ಬಂದದ್ದು ಅದೊಂದೇ."