ವಾಪಸ್ ಬರೋ ದಾರಿ

ಅಪ್ಪ ಮೊದಲ ಸಲ ದಾವಣಗೆರೆಯಿಂದ ಅಮೆರಿಕದ ಸಿಯಾಟಲ್‌ಗೆ ಬಂದ ದಿನ. ಸಂಜೆ ಐದರ ಹೊತ್ತಿಗೆ ಏರ್‌ಪೋರ್ಟಿಂದ ರೆಡ್ಮಂಡ್‌ನ ನಮ್ಮ ಮನೆಗೆ ಹೊರಟಿದ್ದೆವು. ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತಿದ್ದವು. ಎಡತುದಿಯ ಲೇನ್ ಮಾತ್ರ ಸಲೀಸಾಗಿತ್ತು. ನಾನು ಅದಕ್ಕೆ ನುಗ್ಗಿಸಿದೆ. ಅಪ್ಪನಿಗೆ ಗಾಬರಿ. “ಏ, ಇದು ಮಿನಿಸ್ಟ್ರು ಹೋಗೋ ದಾರಿ ಏನೋ? ಯಾರೂ ಬರ್ತಿಲ್ಲ ಈ ಕಡೆ.”

“ಇಲ್ಲಪ್ಪ, ಕಾರಲ್ಲಿ ಇಬ್ಬರಿದ್ರೆ ಇಲ್ಲಿ ಹೋಗಬಹುದು. ನೀವಿದೀರಲ್ಲ.”

ಅಪ್ಪ ಕಿಟಕಿಯಲ್ಲಿ ಪಕ್ಕದ ಸಾಲು ನೋಡಿದರು. ಸುಮಾರು ಹೊತ್ತು ನೋಡಿದರು. “ಹಂಗಾರೆ ಅಲ್ಲಿ ನಿಂತಿರೋರೆಲ್ಲ ಒಬ್ಬೊಬ್ರೇನಾ?”

ಒಬ್ಬೊಬ್ಬರೇ. ನಾನೂ ವರ್ಷಗಟ್ಟಲೆ ಆ ಸಾಲಲ್ಲಿ ನಿಂತವನೇ. ಕಾರ್‌ಪೂಲ್ ಲೇನಿನ ಆಸೆಗೆ ಪಕ್ಕದ ಸೀಟಲ್ಲಿ ಗೊಂಬೆಗೆ ಟೋಪಿ ಹಾಕಿ ಕೂರಿಸೋರೂ ಇಲ್ಲಿದ್ದಾರೆ. ಅದಕ್ಕೇ ಅಂತ 2019ರಲ್ಲಿ ಸಿಯಾಟಲ್ ಇರೋ ವಾಷಿಂಗ್ಟನ್ ರಾಜ್ಯ ಮಾಮೂಲಿ ದಂಡದ ಮೇಲೆ ಇನ್ನೂ 200 ಡಾಲರ್ ಹಾಕುವ ಕಾನೂನು ಮಾಡಿತು. ಹೊಲಕ್ಕೆ ಬೆದರುಬೊಂಬೆ ಗೊತ್ತಿತ್ತು, ಕಾರಿಗೂ ಇದೆ ಅಂತ ಗೊತ್ತಾಗಿದ್ದು ಇಲ್ಲೇ.

ಇಲ್ಲಿನ ಜನಕ್ಕೆ ಪರಿಸರದ ಕಾಳಜಿ ಜಾಸ್ತಿ, ಅದಕ್ಕೇ ಬಸ್ಸು ಹತ್ತುತ್ತಾರೆ ಅಂತ ಊರಲ್ಲಿ ಕೆಲವರು ಅಂದುಕೊಂಡಿದ್ದಾರೆ. ಸುಮ್ನೆ ಮಾತು. ನಮ್ಮ ಬೀದಿಯಲ್ಲಿ ಒಂದು ಕ್ಯಾನ್ ಹಾಲಿಗೂ ಕಾರು ತೆಗೆಯುತ್ತಾರೆ. ಬದಲಾಗಿದ್ದು ಕಾನೂನಿನಿಂದ. 1991ರಲ್ಲೇ ಈ ರಾಜ್ಯ ಒಂದು ಕಾಯಿದೆ ತಂದಿತು. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಕೆಲಸ ಶುರುಮಾಡುವ ನೂರು ಜನ ಒಂದೇ ಜಾಗದಲ್ಲಿದ್ದರೆ, ಅವರು ಒಬ್ಬೊಬ್ಬರೇ ಕಾರಲ್ಲಿ ಬರೋದನ್ನು ಕಡಿಮೆ ಮಾಡಿಸೋ ಜವಾಬ್ದಾರಿ ಆ ಕಂಪನಿಯದು. ಅದಕ್ಕೊಬ್ಬ ನೌಕರ ಇರಬೇಕು. ಯಾರು ಹೇಗೆ ಬರುತ್ತಾರೆ ಅಂತ ಆಗಾಗ ಸರ್ವೆ ಆಗಬೇಕು. ಸಿಯಾಟಲ್ ನಗರದ ನಡುಭಾಗಕ್ಕೆ ಬೆಳಿಗ್ಗೆ ಕೆಲಸಕ್ಕೆ ಬರುವವರಲ್ಲಿ ಒಬ್ಬರೇ ಕಾರಲ್ಲಿ ಬರೋರು 2010ರಲ್ಲಿ ಸುಮಾರು ಶೇ 35 ಇದ್ದರು. 2017ಕ್ಕೆ ಶೇ 25ಕ್ಕೆ ಇಳಿದರು. ಆ ವರ್ಷಗಳಲ್ಲೇ ಅಲ್ಲಿ ಹೊಸ ಕೆಲಸಗಳು ಸಾವಿರಗಟ್ಟಲೆ ಹುಟ್ಟಿದ್ದವು ಅನ್ನೋದು ನೆನಪಿರಲಿ.

ನನ್ನನ್ನು ಕಾರಿನಿಂದ ಇಳಿಸಿದ್ದು ಕಾಯಿದೆಯಲ್ಲ, ಒಂದು ವ್ಯಾನು. ಸಿಯಾಟಲ್, ರೆಡ್ಮಂಡ್ ಎರಡೂ ಸೇರುವ ಜಿಲ್ಲೆ ಕಿಂಗ್ ಕೌಂಟಿ. ಅದರ ಸಾರಿಗೆ ಇಲಾಖೆ 1979ರಿಂದ ವ್ಯಾನ್‌ಪೂಲ್ ನಡೆಸುತ್ತಿದೆ, ಅಂದರೆ ಒಂದೇ ಕಡೆ ಕೆಲಸಕ್ಕೆ ಹೋಗೋರು ಒಂದು ವ್ಯಾನಲ್ಲಿ ಒಟ್ಟಿಗೆ ಹೋಗಿಬರೋದು. ವ್ಯಾನು, ಪೆಟ್ರೋಲು, ವಿಮೆ, ರಿಪೇರಿ ಅವರದು. ಓಡಿಸೋರು ಮಾತ್ರ ನಮ್ಮಲ್ಲೇ ಒಬ್ಬರು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಆಯಿತು. ನಮ್ಮ ಕಡೆಯಿಂದ ಸಿಯಾಟಲ್‌ಗೆ ಕೆರೆ ದಾಟಿಸುವ 520ನೇ ಹೆದ್ದಾರಿಯ ಸೇತುವೆ ಮೇಲೆ ಕಾರಿಗೆ ಟೋಲ್ ಇದೆ, ವ್ಯಾನ್‌ಪೂಲ್‌ಗೆ ಇಲ್ಲ. ನಮ್ಮ ವ್ಯಾನಿನಲ್ಲಿ ಏಳು ಜನ. 7.10ಕ್ಕೆ ಹೊರಡುತ್ತದೆ, ಎರಡು ನಿಮಿಷ ಕಾಯುತ್ತದೆ, ಮೂರನೇ ನಿಮಿಷಕ್ಕೆ ಇಲ್ಲ. ಓಡಿಸುವ ಹೆಂಗಸು ಅರವತ್ತರ ಹತ್ತಿರದವರು, ರೇಡಿಯೋ ಹಾಕಲ್ಲ. ಒಂದು ದಿನ ನನ್ನ ಡಬ್ಬಿಯ ಬೆಳ್ಳುಳ್ಳಿ ಚಟ್ನಿಪುಡಿ ಬ್ಯಾಗಿನೊಳಗೆ ಚೆಲ್ಲಿತ್ತು. ಯಾರೂ ಏನೂ ಅನ್ನಲಿಲ್ಲ. ಚಳಿಯಲ್ಲೂ ನಾಲ್ಕು ಕಿಟಕಿ ಮೆಲ್ಲಗೆ ಇಳಿದವು, ಅಷ್ಟೇ.

ವ್ಯಾನಿಗೆ ಸೇರಿ ಎರಡನೇ ತಿಂಗಳಿಗೆ ಮಗಳ ಸ್ಕೂಲಿಂದ ಫೋನ್ ಬಂತು. ಜ್ವರ, ಬಂದು ಕರಕೊಂಡು ಹೋಗಿ ಅಂತ. ಬೆಳಿಗ್ಗೆ ಹನ್ನೊಂದು ಗಂಟೆ. ವ್ಯಾನು ಹೊರಡೋದು ಸಂಜೆ ಐದಕ್ಕೆ. ನಾನು ಹೆದರುತ್ತಿದ್ದದ್ದು ಇದಕ್ಕೇ. ಆಫೀಸಿನಲ್ಲಿ ನಾವು ಹೋಗಿಬರೋ ವ್ಯವಸ್ಥೆ ನೋಡಿಕೊಳ್ಳುವ ಆ ನೌಕರರ ಹತ್ತಿರ ಹೋದೆ. ಅವರು ಒಂದು ನಂಬರ್ ಕೊಟ್ಟರು, ಟ್ಯಾಕ್ಸಿ ಬಂತು, ನಾನು ದುಡ್ಡು ಕೊಡಲಿಲ್ಲ. ಕಾರು ತರದೆ ಬಂದವರಿಗೆ ಮನೆಯಲ್ಲಿ ತುರ್ತು ಬಿದ್ದರೆ ಟ್ಯಾಕ್ಸಿ ಖರ್ಚು ಈ ಯೋಜನೆಯದು. ವರ್ಷಕ್ಕೆ ಇಷ್ಟೇ ಸಲ ಅಂತ ಲೆಕ್ಕ ಇದೆ. ಆಮೇಲೆ ನಾನದನ್ನು ಬಳಸಿಯೇ ಇಲ್ಲ. ಆದರೆ ಅದು ಇದೆ ಅನ್ನೋ ಧೈರ್ಯಕ್ಕೇ ಇಷ್ಟು ವರ್ಷ ವ್ಯಾನು ಹತ್ತಿದ್ದೇನೆ.

ಇನ್ನೊಂದು ಪಾರ್ಕಿಂಗ್ ವಿಷಯ. ತಿಂಗಳ ಪಾಸ್ ಕೊಟ್ಟರೆ, ಕೊಟ್ಟ ದುಡ್ಡು ದಂಡ ಆಗಬಾರದು ಅಂತ ಜನ ದಿನಾ ಕಾರು ತರುತ್ತಾರೆ. ಸಿಯಾಟಲ್ ಚಿಲ್ಡ್ರನ್ಸ್ ಆಸ್ಪತ್ರೆಯವರು ಪಾರ್ಕಿಂಗ್‌ಗೆ ದಿನದ ಲೆಕ್ಕ ಮಾಡಿದರು. ಕಾರು ತರದ ದಿನ ತಾವೇ ನೌಕರರಿಗೆ ನಾಲ್ಕು ಕಾಸು ಕೊಟ್ಟರು. 1995ರಲ್ಲಿ ಅಲ್ಲಿ ಶೇ 73 ಜನ ಒಬ್ಬರೇ ಕಾರಲ್ಲಿ ಬರುತ್ತಿದ್ದರು. ಆಮೇಲೆ ಅದು ಶೇ 40ರ ಕೆಳಗೆ ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ಜೇಬು ನೆನಪಾಗಬೇಕು, ಅಲ್ವಾ?

ಬೆಂಗಳೂರಿನಲ್ಲಿ 2010ರ ಫೆಬ್ರವರಿಯಿಂದ ಬಿಎಂಟಿಸಿ ತಿಂಗಳ ನಾಲ್ಕನೇ ತಾರೀಕಿಗೆ ‘ಬಸ್ ಡೇ’ ಶುರುಮಾಡಿತ್ತು, ಆ ದಿನ ಸ್ವಂತ ಗಾಡಿ ಬಿಟ್ಟು ಬಸ್ಸು ಹತ್ತಿ ಅಂತ. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ತಿಂಗಳಲ್ಲಿ ಒಂದು ದಿನ ಉಪವಾಸ ಮಾಡಿದರೆ ಯಾರೂ ಸಣ್ಣ ಆಗಲ್ಲ. 2019ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್.ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಬೇರೆ ಲೇನ್ ಬಿಟ್ಟಿದ್ದು ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗಿತ್ತು. ಮೆಟ್ರೋ ಕಾಮಗಾರಿ ಬಂದ ಮೇಲೆ ಅದೂ ಹೋಯಿತು. ಅಲ್ಲಿ ಕೆಲಸ ಮಾಡುವ ನನ್ನ ತಂಗಿಗೆ ಕೇಳಿದೆ, ಬಸ್ಸಲ್ಲಿ ಯಾಕೆ ಹೋಗಲ್ಲ ಅಂತ. “ಹೋಗೋಕೆ ಬಸ್ಸಿದೆ ಅಣ್ಣ. ರಾತ್ರಿ ಒಂಬತ್ತೂವರೆಗೆ ಸ್ಟಾಪಲ್ಲಿ ಇಳಿದು ಮನೆಗೆ ಹೋಗೋದು ಹೆಂಗೆ? ಆಟೋದವರು ಬರಲ್ಲ, ದೀಪ ಇಲ್ಲ, ಫುಟ್‌ಪಾತ್ ಇಲ್ಲ.” ನನ್ನ ಭಯವೂ ಅವಳ ಭಯವೂ ಒಂದೇ. ನನಗೆ ಟ್ಯಾಕ್ಸಿಯ ನಂಬರ್ ಸಿಕ್ಕಿತು, ಅವಳಿಗೆ ಬಸ್ಸು ಹತ್ತಿ ಅನ್ನೋ ಪೋಸ್ಟರ್ ಸಿಕ್ಕಿತು.

ಹಾಗೆ ನೋಡಿದರೆ ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸೈಕಲ್ಲಲ್ಲಿ ಡಬಲ್ಸ್, ಸ್ಕೂಟರಲ್ಲಿ ಡ್ರಾಪ್, ಎದುರು ಮನೆಯವರು ಸಂತೆಗೆ ಹೊರಟರೆ “ನಾನೂ ಬರ್ಲಾ?” ಅನ್ನೋದು, ಇವೆಲ್ಲ ನಮ್ಮವೇ. ಅದೇ ನಾವು ಇಲ್ಲಿಗೆ ಬಂದು ಏನಾಗಿದ್ದೇವೆ ಅಂದರೆ, ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮೂರು ಕನ್ನಡ ಮನೆಗಳಿಂದ ಮೂರು ಕಾರು ಹೋದವು. ಒಂದರಲ್ಲಿ ಇಬ್ಬರು, ಇನ್ನೊಂದರಲ್ಲಿ ಒಬ್ಬರು ಮತ್ತು ಬಿಸಿಬೇಳೆಬಾತಿನ ಪಾತ್ರೆ.

ಈ ಸಲ ನಾನೇ ಮುಂದಾಗಿ ಕೆಳಗಿನ ಮನೆಯ ಹಾಸನದವರಿಗೆ ಮೆಸೇಜ್ ಹಾಕಿದೆ. “ನಮ್ಮ ಕಾರಲ್ಲಿ ಮೂರು ಸೀಟು ಖಾಲಿ ಇದೆ, ಒಟ್ಟಿಗೇ ಹೋಗೋಣ್ವಾ?” ಹತ್ತು ನಿಮಿಷಕ್ಕೆ ಉತ್ತರ ಬಂತು. “ಖಂಡಿತ ಸಾರ್! ಆದರೆ ನಮ್ಮ ಪಾಪು ಎಷ್ಟೊತ್ತಿಗೆ ರಚ್ಚೆ ಹಿಡಿಯುತ್ತೋ ಗೊತ್ತಿಲ್ಲ. ಬರೋದು ಒಟ್ಟಿಗೆ ಬರ್ತೀವಿ, ವಾಪಸ್ ಬರೋಕೆ ಇರಲಿ ಅಂತ ನಮ್ಮವರು ಹಿಂದೆ ನಮ್ಮ ಕಾರು ತರ್ತಾರೆ.”